ಗುರುವಾರದ ನೀರು

ನಾನು ಒಂದು ಬೇಸಿನ್ನು. ಅಗಲ ಬಾಯಿ, ಬಿಳಿ ಮೈ, ಅಂಚಿಗೆ ನೀಲಿ ಗೆರೆ. ಈಗ ನನ್ನನ್ನು ನೋಡಿದವರು ಬಿಳಿ ಎಲ್ಲಿದೆ, ನೀಲಿ ಎಲ್ಲಿದೆ ಎಂದು ಕೇಳಬಹುದು. ಕೇಳಲಿ. ಇಷ್ಟು ವರ್ಷ ಕಂಡವರ ಕಾಲು ಹೊತ್ತ ಮೇಲೆ ಯಾರ ಬಣ್ಣ ತಾನೇ ಉಳಿದೀತು?

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಯಂತ್ರವೊಂದು ಉಕ್ಕಿನ ತಗಡನ್ನು ಒಂದೇ ಏಟಿಗೆ ಒತ್ತಿ ನನಗೆ ಹೊಟ್ಟೆ ಬರಿಸಿತು. ಆಮೇಲೆ ಹಾಲಿನಂಥ ಗಂಜಿಯಲ್ಲಿ ಅದ್ದಿ ಕೆಂಪಗೆ ಕಾದ ಕುಲುಮೆಗೆ ತಳ್ಳಿದರು. ಆ ಬೆಂಕಿಯನ್ನು ನಾನು ಮರೆತಿಲ್ಲ. ಅದರಿಂದ ಹೊರಬಂದಾಗ ನನಗೆ ಎನಾಮಲ್ಲಿನ ಹೊಳಪು ಬಂದಿತ್ತು, ಜೊತೆಗೆ ಒಂದು ವಿದ್ಯೆಯೂ ಬಂದಿತ್ತು. ನೀರು ಎಷ್ಟು ಬಿಸಿ ಇದೆ ಎಂಬುದು ಅದು ನನ್ನ ಮೈಗೆ ತಾಗಿದ ಕೂಡಲೇ ನನಗೆ ತಿಳಿಯುತ್ತದೆ. ಆದರೆ ಬಾಯಿ ಎಷ್ಟೇ ಅಗಲವಾಗಿದ್ದರೂ ನನಗೆ ಮಾತು ಬರುವುದಿಲ್ಲ. ಈ ಕಥೆಯ ನೋವೆಲ್ಲ ಅಲ್ಲಿಯೇ ಇದೆ.

ಗದಗಿನ ಕಡೆಯ ಒಂದು ಊರಿನಲ್ಲಿ, ಪಾತ್ರೆ ಅಂಗಡಿಯಿಂದ ನನ್ನನ್ನು ಕೊಂಡವರು ಅಲ್ಲಿನ ಕ್ರೈಸ್ತ ಸಭೆಯ ಹೆಂಗಸರು. ಯೇಸುಸ್ವಾಮಿ ತನ್ನ ಕೊನೆಯ ಊಟದ ದಿನ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ ಈಸ್ಟರಿನ ಮುಂಚಿನ ಗುರುವಾರ ಅವರು ಗುಡಿ ಎಂದು ಕರೆಯುವ ಚರ್ಚಿನಲ್ಲಿ ಸಭೆಯ ಹನ್ನೆರಡು ಹಿರಿಯರ ಕಾಲನ್ನು ಪಾಸ್ಟರ್ ಅಯ್ಯನವರು ತೊಳೆಯುತ್ತಿದ್ದರು. ಆ ಕೆಲಸಕ್ಕೆ ನಾನು. ವರ್ಷಕ್ಕೊಂದು ದಿನದ ಉದ್ಯೋಗ, ಮಿಕ್ಕ ದಿನ ಕಪಾಟಿನಲ್ಲಿ ನಿದ್ದೆ. ಬೇಕಾದ ನೌಕರಿ!

ಒಂದು ಗುಟ್ಟು ಹೇಳುತ್ತೇನೆ. ಆ ಹನ್ನೆರಡು ಜನ ಮನೆಯಲ್ಲಿಯೇ ಸಾಬೂನು ಹಚ್ಚಿ, ಉಗುರು ಕತ್ತರಿಸಿ, ಕಾಲು ತೊಳೆದುಕೊಂಡು ಬರುತ್ತಿದ್ದರು. ಒಬ್ಬರಂತೂ ಅತ್ತರು ಹಚ್ಚಿಕೊಂಡಿದ್ದರು. ತೊಳೆದ ಕಾಲನ್ನೇ ತೊಳೆದ ನೀರು ನನ್ನಲ್ಲಿ ತಿಳಿಯಾಗಿಯೇ ಇರುತ್ತಿತ್ತು. ಸೇವೆ ಎಂದರೆ ಇಷ್ಟೇ ಎಂದು ನಾನು ತಿಳಿದುಕೊಂಡಿದ್ದೆ.

ಆರನೆಯ ವರ್ಷ ಯಾರದೋ ಕೈ ಜಾರಿ ನಾನು ಕಲ್ಲಿನ ಮೆಟ್ಟಿಲ ಮೇಲೆ ಬಿದ್ದೆ. ಅಂಚಿನ ಎನಾಮಲ್ಲು ಅಂಗೈಯಗಲ ಎದ್ದು ಹೋಯಿತು. ಮರುವರ್ಷ ಗುಡಿಗೆ ಹಿತ್ತಾಳೆಯ ಬೇಸಿನ್ನು ಬಂತು, ಹೂಬಳ್ಳಿ ಕೆತ್ತಿದ್ದು. ನನ್ನನ್ನು ಕಪಾಟಿನ ತಳಕ್ಕೆ ತಳ್ಳಿ, ಉರಿದುಳಿದ ಮೇಣದ ತುಂಡುಗಳನ್ನು ತುಂಬಿಟ್ಟರು. ಆ ಹಿತ್ತಾಳೆಯವನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ನನ್ನನ್ನು ಅಲ್ಲಿಂದ ಎತ್ತಿದವಳು ರಾಹೇಲಮ್ಮ. ಅದೇ ಸಭೆಯವಳು, ಊರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗಟ್ಟಿ ಮೈ, ಸಣ್ಣ ದನಿ. ಮೇಣದ ತುಂಡುಗಳನ್ನು ಒಂದು ಡಬ್ಬಿಗೆ ಸುರಿದು, ನನ್ನನ್ನು ಬೆಳಕಿಗೆ ಹಿಡಿದು ನೋಡಿದಳು.

"ತೂತಿಲ್ಲಲ್ಲ, ಸಾಕು. ಇದನ್ನ ನಂಗ ಕೊಡ್ರಿ ಅಯ್ಯನವರ. ಗುರುವಾರಕ್ಕ ಬೇಕು."

"ಗುರುವಾರಕ್ಕ ಹಿತ್ತಾಳಿದು ಐತಲ್ಲವಾ?" ಎಂದರು ಪಾಸ್ಟರ್ ಅಯ್ಯನವರು.

"ಅದು ಗುಡಿ ಗುರುವಾರಕ್ಕ. ಇದು ವಾರಾ ವಾರಾ ಬರೋ ಗುರುವಾರಕ್ಕ."

ಹೀಗೆ ನಾನು ರೈಲ್ವೆ ಗೇಟಿನಾಚೆಯ ಕಾಲೊನಿಗೆ ಹೋದೆ. ಕಲ್ಲು ಗಣಿಯ ಪಕ್ಕ ಹದಿನೆಂಟು ಗುಡಿಸಲು. ಕುಷ್ಠರೋಗ ಬಂದವರನ್ನು ಅವರವರ ಊರು ಹೊರಗೆ ಹಾಕಿದಾಗ ಬಂದು ಸೇರಿದ ಜಾಗ. ಊರವರು ಅದನ್ನು 'ದೊಡ್ಡ ರೋಗ' ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ಆ ರೋಗ ಮೊದಲು ಕದಿಯುವುದು ಸ್ಪರ್ಶವನ್ನು. ಕಾಲಿಗೆ ಮುಳ್ಳು ಚುಚ್ಚಿದರೆ ಗೊತ್ತಾಗುವುದಿಲ್ಲ, ಕೆಂಡ ತುಳಿದರೆ ಗೊತ್ತಾಗುವುದಿಲ್ಲ. ನೋವಿಲ್ಲವೆಂದು ಅದೇ ಕಾಲಿನಲ್ಲಿ ನಡೆಯುತ್ತಾರೆ. ಗಾಯ ಹುಣ್ಣಾಗಿ ಎಲುಬು ಮುಟ್ಟುತ್ತದೆ. ಮುಂದೆ ಹೊಸ ಗುಳಿಗೆಗಳು ಬಂದು ರೋಗವನ್ನೇನೋ ನಿಲ್ಲಿಸಿದವು. ಹೋದ ಸ್ಪರ್ಶ ಮಾತ್ರ ಗುಳಿಗೆಗೆ ಮರಳಿ ಬರಲಿಲ್ಲ. ಅದಕ್ಕೆ ಇರುವ ಔಷಧ ಒಂದೇ: ಕಾಲನ್ನು ನೀರಿನಲ್ಲಿ ನೆನೆಸುವುದು, ಗಡುಸಾದ ಚರ್ಮವನ್ನು ಉಜ್ಜಿ ತೆಗೆಯುವುದು, ಎಣ್ಣೆ ಹಚ್ಚುವುದು, ಮತ್ತೆ ಮರುವಾರ ಅದನ್ನೇ ಮಾಡುವುದು.

ಮೊದಲ ದಿನ ನನ್ನಲ್ಲಿ ಕಾಲಿಟ್ಟವನು ಬನಪ್ಪ. ನೇಕಾರ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಸೀರೆ ನೇಯುತ್ತಿದ್ದವನು. ಬಲಗಾಲಿನ ಅಂಗಾಲಿನಲ್ಲಿ ರೂಪಾಯಿಯಗಲ ಹುಣ್ಣು. ಆ ನೀರಿನ ವಾಸನೆಗೆ ನನಗೆ ಅತ್ತರಿನ ಹಿರಿಯರು ನೆನಪಾದರು. ನನ್ನ ಗರ್ವವೆಲ್ಲ ಆ ಒಂದು ತಾಸಿನಲ್ಲಿ ಇಳಿಯಿತು.

"ನನ್ನ ಕಾಲು ಮುಟ್ಟಬ್ಯಾಡ್ರಿ ಬಾಯಾರ," ಎಂದ ಬನಪ್ಪ. ಆ ಕಡೆ ನರ್ಸನ್ನು, ಮಾಸ್ತರಿಣಿಯನ್ನು ಹಾಗೆಯೇ ಕರೆಯುತ್ತಾರೆ. "ನನ್ನ ಹೆಣ್ತಿ ಸುದ್ದಾ ಮುಟ್ಟಲಿಲ್ಲ."

ರಾಹೇಲಮ್ಮ ಬಿಡಲಿಲ್ಲ. ಆ ಹುಣ್ಣು ಮುಚ್ಚಿಸಿ ನಿನ್ನನ್ನು ಮತ್ತೆ ಮಗ್ಗಕ್ಕೆ ಕೂಡಿಸುತ್ತೇನೆ ಎಂದು ಮಾತು ಕೊಟ್ಟಳು. ಆಕೆಯ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಬಿಸಿನೀರು, ಆಮೇಲೆ ತಣ್ಣೀರು. ನಂತರ ರವಿಕೆಯ ತೋಳನ್ನು ಮೇಲೆ ಸರಿಸಿ ನೀರಿನಲ್ಲಿ ಮೊಣಕೈ ಅದ್ದಿ ನೋಡುವಳು. "ದುಡಿಯೋ ಕೈ ಸುಳ್ಳು ಹೇಳ್ತದ. ಮೊಣಕೈ ಹೇಳೂದಿಲ್ಲ," ಎನ್ನುತ್ತಿದ್ದಳು. ಎಳೆಗೂಸಿನ ನೀರನ್ನು ತಾಯಂದಿರು ನೋಡುವ ಹಾಗೆ ಆ ಬೆಳೆದ ಮನುಷ್ಯರ ನೀರನ್ನು ನೋಡುತ್ತಿದ್ದಳು. ಏಳು ವರ್ಷ ಆ ಮೊಣಕೈ ಒಮ್ಮೆಯೂ ತಪ್ಪಲಿಲ್ಲ. ಬನಪ್ಪನ ಹುಣ್ಣು ಕಾಳಿನಷ್ಟಾಯಿತು.

ಆಮೇಲೆ ಆ ದಿನ ಬಂತು. ಚಳಿಗಾಲದ ಗುರುವಾರ. ಬೆಳಿಗ್ಗೆ ಆಸ್ಪತ್ರೆಯ ದೊಡ್ಡ ಡಾಕ್ಟರು ರಾಹೇಲಮ್ಮನನ್ನು ಕರೆದು, ಮುಂದಿನ ವಾರದಿಂದ ಆಕೆಯನ್ನು ಕಾಲೊನಿಗೆ ಒಯ್ಯುವ ಆಸ್ಪತ್ರೆಯ ಜೀಪು ಇಲ್ಲ ಎಂದಿದ್ದರು. ಏಳು ವರ್ಷವಾದರೂ ಹುಣ್ಣುಗಳು ಹೋಗಿ ಹೋಗಿ ಬರುತ್ತಲೇ ಇವೆ. ಇದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದಿದ್ದರು. ಆಕೆ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಬಂದಳು. ಡಾಕ್ಟರಿಗೆ ಹೇಳಬೇಕಾಗಿದ್ದ ಉತ್ತರವನ್ನು ಈಗ ಹೇಳಿಕೊಳ್ಳುತ್ತಿದ್ದಳು.

ಬನಪ್ಪ ಮಾತ್ರ ಅಂದು ಹಿಗ್ಗಿನಲ್ಲಿದ್ದ. "ಬಾಯಾರ, ಸಂಕ್ರಾಂತಿ ಆದಿಂದ ಮಗ್ಗಕ್ಕ ಕುಂದರ್ತೀನ್ರಿ. ಮೊದಲನೇ ಸೀರಿ ನಿಮಗ. ಹಸರ ಒಡಲು, ಕೆಂಪು ಸೆರಗು."

ರಾಹೇಲಮ್ಮ ನನ್ನಲ್ಲಿ ಬಿಸಿನೀರು ಸುರಿದಳು. ತಣ್ಣೀರಿನ ಕೊಡ ಬರಿದಾಗಿತ್ತು. ತರಲು ಹೋಗಬೇಕೆಂದು ಎದ್ದವಳು, ಹಾಳು ಜೀಪಿನ ಯೋಚನೆಯಲ್ಲಿ, ಕೊಡ ಬಿಟ್ಟು ಬ್ಯಾಂಡೇಜಿನ ಡಬ್ಬಿಯ ಕಡೆಗೆ ತಿರುಗಿದಳು. ಬನಪ್ಪ ಎಂದಿನಂತೆ ತಾನೇ ಕಾಲಿಟ್ಟ.

ನನಗೆ ಗೊತ್ತಾಗಿತ್ತು. ನನ್ನ ತಳದಿಂದ ಅಂಚಿನವರೆಗೆ ಗೊತ್ತಾಗಿತ್ತು. ಆ ನೀರು ಸುಡುತ್ತಿತ್ತು. ನಾನು ನೋಡುತ್ತಿದ್ದೆ, ಅವನು ಸೀರೆಯ ಅಂಚಿಗೆ ಎಂಥ ಹೂವು ಹಾಕುತ್ತೇನೆಂದು ಹೇಳುತ್ತಿದ್ದ. ಅವನ ಕಾಲು ಅವನಿಗೆ ಹೇಳಲಿಲ್ಲ. ನಾನು ಆಕೆಗೆ ಹೇಳಲಾರದೆ ಹೋದೆ. ಆಕೆ ತಿರುಗಿ, ಏಳುವ ಹಬೆಯನ್ನು ಕಂಡು ಚೀರಿ ಕಾಲನ್ನು ಎತ್ತಿದಾಗ ಚರ್ಮ ಆಕೆಯ ಕೈಗೆ ಬಂತು.

"ಯಾಕ್ರೀ ಬಾಯಾರ? ಇನ್ನೂ ಹೊತ್ತಾಗಿಲ್ಲಲ್ಲ?" ಎಂದ ಬನಪ್ಪ.

ನಲವತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ನಂಜು ಎಲುಬಿಗೆ ಇಳಿದಿತ್ತು. ಬಲಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರು. ಹಳೆಯ ಹುಣ್ಣೇ ಕೆದರಿತು ಎಂದು ಹೇಳಿದರಾಯಿತು ಎಂದು ಡಾಕ್ಟರು ರಾಹೇಲಮ್ಮನಿಗೆ ಹೇಳಿಕೊಟ್ಟರಂತೆ. ನನ್ನನ್ನು ವಾರ್ಡಿನ ಮೂಲೆಯಲ್ಲಿ ಇಟ್ಟಿದ್ದರು. ಆಕೆ ಏನು ಹೇಳಿದಳೆಂದು ನಾನು ಕಿವಿಯಾರೆ ಕೇಳಿದೆ.

"ಬನಪ್ಪಾ, ಹುಣ್ಣು ಕೆದರಲಿಲ್ಲ. ನಾ ನೀರು ನೋಡಲಿಲ್ಲ. ತಪ್ಪು ನಂದು."

ಅವನು ಗೋಡೆಯ ಕಡೆಗೆ ಹೊರಳಿದ. "ಏಳು ವರ್ಷ ತೊಳದಿ. ಕಡೀಕ ನೀನ ಸುಟ್ಟಿ," ಎಂದ. ಬಾಯಾರು ಹೋಗಿ 'ನೀನು' ಆಗಿತ್ತು. ಅವನ ಪಾಲಿಗೆ ಮಗ್ಗ ಮುಗಿದಿತ್ತು.

ಮುಂದಿನ ಗುರುವಾರ ರಾಹೇಲಮ್ಮ ಕಾಲೊನಿಗೆ ನಡೆದು ಹೋದಳು. ರಜೆ ಹಾಕಿ ಎರಡು ಹರದಾರಿ, ಬಿಸಿಲಿಗೆ ನನ್ನನ್ನೇ ತಲೆಯ ಮೇಲೆ ಬೋರಲು ಹಾಕಿಕೊಂಡು. ರಸ್ತೆಯಲ್ಲಿ ಜನ ನಕ್ಕರು. ಕಾಲೊನಿಯಲ್ಲಿ ಯಾರೂ ನಗಲಿಲ್ಲ, ಯಾರೂ ಹೊರಗೂ ಬರಲಿಲ್ಲ. ಹದಿನೆಂಟೂ ಬಾಗಿಲು ಮುಚ್ಚಿದ್ದವು. ಆಕೆ ಗಣಿಯ ಅಂಚಿನಲ್ಲಿ ಮೂರು ಕಲ್ಲು ಹೂಡಿ ನೀರು ಕಾಯಿಸಿದಳು, ತಣ್ಣೀರು ಬೆರೆಸಿದಳು, ಮೊಣಕೈ ಅದ್ದಿದಳು, ಕಾದು ಕುಳಿತಳು. ನೀರು ಆರಿತು. ಅದನ್ನು ಬೇಲಿಗೆಂದು ಯಾರೋ ನೆಟ್ಟಿದ್ದ ಒಣ ನುಗ್ಗೆ ಗೂಟದ ಬುಡಕ್ಕೆ ಚೆಲ್ಲಿ ಹಿಂತಿರುಗಿದಳು.

ಮರುವಾರವೂ ಹಾಗೆಯೇ ಆಯಿತು. ಅದರ ಮರುವಾರವೂ ಅಷ್ಟೇ. ನನಗೆ ಸಿಟ್ಟು ಬರುತ್ತಿತ್ತು. ಯಾರಿಗಾಗಿ ಈ ನೀರು? ಮೇಣದ ತುಂಡುಗಳ ಜೊತೆಗೆ ಕಪಾಟಿನಲ್ಲಿ ನೆರಳಾದರೂ ಇತ್ತಲ್ಲ ಎಂದು ಅನಿಸುತ್ತಿತ್ತು. ಆಸ್ಪತ್ರೆಯಿಂದ ಮರಳಿದ ಮೇಲೆ ಬನಪ್ಪ ಮಾತ್ರ ಊರುಗೋಲು ಹಿಡಿದು ತನ್ನ ಗುಡಿಸಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಮೊಣಕೈ ಹಾಕಿದಿ ಏನು ಇವತ್ತರೆ?"

"ಹಾಕೇನಿ ಬನಪ್ಪಾ," ಎನ್ನುತ್ತಿದ್ದಳು ಆಕೆ. ಅವಳಿಗೆ ನೋವಾಗುತ್ತಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಹಿಂತಿರುಗುವಾಗ ರೈಲ್ವೆ ಗೇಟಿನ ಬಳಿ ಕಲ್ಲಿನ ಮೇಲೆ ಕುಳಿತು ಅಳುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಏಳುತ್ತಿದ್ದಳು.

ಮಳೆಗಾಲ ಕಳೆಯಿತು. ಒಂದು ದಿನ ಪಾಸ್ಟರ್ ಅಯ್ಯನವರು ಮನೆಗೆ ಬಂದು, "ರಾಹೇಲಾ, ಇನ್ನ ಸಾಕು. ನಿನ್ನ ಮನಸ್ಸು ಸ್ವಾಮಿಗೆ ಗೊತ್ತೈತಿ. ಆದ್ರ ಒಬ್ಬರೂ ಕಾಲು ಕೊಡೂದಿಲ್ಲ, ಒಬ್ಬರೂ ಗುಡಿ ಕಡೆ ಬರೂದಿಲ್ಲ. ಮ್ಯಾಲಿನವರಿಗೆ ಏನಂತ ರಿಪೋರ್ಟ್ ಬರೀಲಿ?" ಎಂದರು. ಒಳ್ಳೆಯ ಮನುಷ್ಯ, ಆಕೆಯ ಮೇಲಿನ ಮರುಕಕ್ಕೇ ಹೇಳಿದ್ದು.

ರಾಹೇಲಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಸ್ವಾಮಿ ಹನ್ನೆರಡು ಮಂದಿ ಕಾಲು ತೊಳದ ಅಯ್ಯನವರ. ಅವತ್ತಿನ ರಾತ್ರಿನ ಅಷ್ಟೂ ಕಾಲು ಅವನ್ನ ಬಿಟ್ಟು ಓಡಿ ಹೋದುವು. ಅವಂಗೂ ರಿಪೋರ್ಟ್ ಬರಿಯಾಕ ಏನೂ ಇರಲಿಲ್ಲ. ಆದ್ರೂ ತೊಳದ ನೋಡ್ರಿ."

ಅಯ್ಯನವರು ಚಹಾ ಕುಡಿದು ಹೋದರು. ಆ ದಿನದಿಂದ ನಾನೂ ಗೊಣಗುವುದನ್ನು ಬಿಟ್ಟೆ. ಪೂರ್ತಿ ಬಿಟ್ಟೆ ಎನ್ನಲಾರೆ, ಕಡಿಮೆ ಮಾಡಿದೆ.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಫಲ ಸಿಕ್ಕಿದ್ದು ನುಗ್ಗೆ ಗೂಟಕ್ಕೆ ಮಾತ್ರ. ಅದು ಚಿಗುರಿ, ಆಳೆತ್ತರವಾಗಿ, ಕಾಯಿ ಬಿಟ್ಟಿತು. ನಮಗೆ ಕಾಲು ಕೊಡದ ಕಾಲೊನಿಯ ಜನ ನುಗ್ಗೆಕಾಯಿ ಸಾರನ್ನು ಮಾತ್ರ ಮನೆ ಮನೆಯಲ್ಲೂ ಉಂಡರು.

ಕೊನೆಗೆ ಬಂದವಳು ತಿಪ್ಪವ್ವ ಎಂಬ ಮುದುಕಿ. ಮಲಗಿದ್ದಾಗ ಇಲಿಗಳು ಅವಳ ಕಾಲ್ಬೆರಳನ್ನು ಕಡಿದಿದ್ದವು. ಬೆಳಿಗ್ಗೆ ಹಾಸಿಗೆಯಲ್ಲಿ ರಕ್ತ ನೋಡಿದಾಗಲೇ ಅವಳಿಗೆ ತಿಳಿದದ್ದು. ಹೆದರುತ್ತ ಬಂದು ನನ್ನ ಮುಂದೆ ಕುಳಿತಳು. ರಾಹೇಲಮ್ಮ ಮೊಣಕೈ ಅದ್ದಿದಳು. ತಿಪ್ಪವ್ವ ಕಾಲು ಎತ್ತಿದಳು.

"ತಡಿ!" ಎಂದು ದನಿ ಬಂತು. ಬನಪ್ಪ ಊರುಗೋಲು ಕುಟ್ಟುತ್ತ ಬಂದ, ನೆಲಕ್ಕೆ ಕುಸಿದು ಕುಳಿತ, ಅಂಗಿಯ ತೋಳನ್ನು ಹಲ್ಲಿನಿಂದ ಎಳೆದು ಮೇಲೇರಿಸಿದ. ಬೆರಳು ಮುದುಡಿದ ಅವನ ಕೈಗೆ ಸ್ಪರ್ಶವಿರಲಿಲ್ಲ. ಮೊಣಕೈಗೆ ಇನ್ನೂ ಇತ್ತು. ಅದನ್ನು ನನ್ನೊಳಗೆ ಅದ್ದಿ ಬಹಳ ಹೊತ್ತು ಇಟ್ಟುಕೊಂಡ.

"ಸರಿ ಐತಿ. ಇಡಬೇ ತಿಪ್ಪವ್ವಾ." ಆಮೇಲೆ ರಾಹೇಲಮ್ಮನ ಕಡೆ ನೋಡದೆ, "ನಿನ್ನ ಮೊಣಕೈ ನಾ ನಂಬೂದಿಲ್ಲ. ಇನ್ನಮ್ಯಾಲೆ ನೀರು ನಾ ನೋಡ್ತೀನಿ," ಎಂದ.

ಪ್ರೀತಿಯಿಂದ ಬಂದ ಸಹಾಯ ಅದಾಗಿರಲಿಲ್ಲ. ಅಪನಂಬಿಕೆಯಿಂದ ಬಂದದ್ದು. ಆದರೆ ಪ್ರತಿ ಗುರುವಾರ ತಪ್ಪದೆ ಬಂತು. ಅವನು ನೋಡಿದ ನೀರನ್ನು ಜನ ನಂಬಿದರು. ಒಂದೊಂದೇ ಬಾಗಿಲು ತೆರೆಯಿತು. ಆಕೆ ಒಮ್ಮೆ ಅದ್ದುವಳು, ಅವನು ಒಮ್ಮೆ ಅದ್ದುವನು. ಆಸ್ಪತ್ರೆಯವರು ಅವನಿಗೆ ಕಟ್ಟಿಗೆಯ ಕಾಲು ಮಾಡಿಸಿ ಕೊಟ್ಟರು. ಮಗ್ಗ ತುಳಿಯಲು ಆ ಕಾಲು ಒಗ್ಗಲಿಲ್ಲ. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಕ್ಷಮಿಸಿದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ, ಗುಡಿಯ ಮೆಟ್ಟಿಲು ಹತ್ತಲಿಲ್ಲ, 'ನೀನು' ಬಿಟ್ಟು ಬೇರೆ ಮಾತಿನಿಂದ ಆಕೆಯನ್ನು ಕರೆಯಲಿಲ್ಲ. ಈ ನಡುವೆ ನನ್ನ ತಳಕ್ಕೆ ತೂತು ಬಿತ್ತು. ಆಕೆ ಬೆಸುಗೆ ಹಾಕಿಸಿದಳೇ ಹೊರತು ನನ್ನನ್ನು ಗುಜರಿಗೆ ಕೊಡಲಿಲ್ಲ.

ರಾಹೇಲಮ್ಮ ಕೆಲಸದಿಂದ ನಿವೃತ್ತಳಾದ ಕೆಲವು ವರ್ಷಕ್ಕೆ ಆಸ್ಪತ್ರೆಗೆ ನೂರು ತುಂಬಿತು. ಒಂದು ದಪ್ಪ ಪುಸ್ತಕ ಅಚ್ಚು ಹಾಕಿಸಿದರು. ಆಕೆ ಕನ್ನಡಕ ಹಾಕಿಕೊಂಡು ಹಾಳೆ ತಿರುವಿ ತನ್ನ ಕೆಲಸವನ್ನು ಹುಡುಕಿದಳು. ಒಂದೇ ಸಾಲು ಇತ್ತು: 'ಗುರುವಾರದ ಕಾಲೊನಿ ಸೇವೆ, ಕೆಲವು ವರ್ಷ ನಡೆದು ಹೇಳಿಕೊಳ್ಳುವಂಥ ಫಲವಿಲ್ಲದೆ ನಿಂತಿತು.' ಆಕೆ ಅದನ್ನು ಮೆಲ್ಲಗೆ ಎರಡು ಸಲ ಓದಿದಳು. ಆಮೇಲೆ ಪುಸ್ತಕ ಮುಚ್ಚಿ, ಕಣ್ಣೂ ಮುಚ್ಚಿದಳು.

"ಸ್ವಾಮಿ, ಅವರು ಪುಸ್ತಕದಾಗ ಬರದದ್ದು ಸುಳ್ಳಲ್ಲ. ಇಷ್ಟು ವರ್ಷ ತೊಳದೆ. ಉಳಸ್ತೀನಿ ಅಂತ ಮಾತು ಕೊಟ್ಟ ಒಂದು ಕಾಲು, ಅದನ್ನೂ ಉಳಸಲಿಲ್ಲ," ಎಂದಳು. ನಾನು ಬಚ್ಚಲ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದೆ. ಬೆಸುಗೆ ಬಿಟ್ಟುಹೋಗುವಷ್ಟು ಸಂಕಟವಾಯಿತು ನನಗೆ.

ಆ ಹೊತ್ತಿಗೆ ಆಕೆಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಅದೂ ಕಾಲಿನ ಸ್ಪರ್ಶವನ್ನು ಕದಿಯುತ್ತದಂತೆ. ಊರಿಗೆಲ್ಲ ಕಾಲು ನೋಡಿಕೊಳ್ಳಿ ಎಂದು ಹೇಳಿದವಳು ತನ್ನ ಕಾಲು ನೋಡಿಕೊಳ್ಳಲಿಲ್ಲ. ಆ ವರ್ಷ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಸಭೆಯವರೆಲ್ಲ ಗರಿ ಹಿಡಿದು, ಹಾಡುತ್ತ, ಬರಿಗಾಲಿನಲ್ಲಿ ಬೀದಿ ಸುತ್ತಿದರು. ಉರಿಬಿಸಿಲು, ಕಾದ ಫರಸಿ ಕಲ್ಲು. ಮಿಕ್ಕವರು ಹೆಜ್ಜೆ ಎತ್ತಿ ಎತ್ತಿ ಹಾಕುತ್ತ ನೆರಳಿಗೆ ಓಡಿದರಂತೆ. ರಾಹೇಲಮ್ಮ ನಿಧಾನವಾಗಿ, ಪೂರ್ತಿ ಹಾಡು ಹಾಡುತ್ತ ನಡೆದಳು. ಮನೆಗೆ ಬಂದು ಮಲಗಿ ಎದ್ದಾಗ ಎರಡೂ ಅಂಗಾಲಿನ ತುಂಬ ಬೊಬ್ಬೆ.

ಆ ಗುರುವಾರ ಆಕೆ ಕಾಲೊನಿಗೆ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಅದೇ ಮೊದಲು. ಯಾರಿಗೂ ಹೇಳಿ ಕಳಿಸಲೂ ಇಲ್ಲ, ನಾಚಿಕೆಯಾಗಿತ್ತು ಆಕೆಗೆ. ಮಧ್ಯಾಹ್ನ ಮನೆಯ ಮುಂದೆ ಆಟೋ ನಿಂತ ಸದ್ದಾಯಿತು. ಕಟ್ಟಿಗೆಯ ಕಾಲು ಟಕ್ ಟಕ್ ಎನ್ನುತ್ತ ಒಳಗೆ ಬಂತು. ಬನಪ್ಪ ಆಕೆಯ ಮನೆಗೆ ಬಂದದ್ದೂ ಅದೇ ಮೊದಲು.

"ಇವತ್ತು ಗುರುವಾರ," ಎಂದ. ಆಮೇಲೆ ಅವನ ಕಣ್ಣು ಆಕೆಯ ಕಾಲಿನ ಮೇಲೆ ಬಿತ್ತು. ಬಾಗಿ ನೋಡಿದ. "ಯಾವಾಗ ಆತು?"

"ಗೊತ್ತಾಗಲಿಲ್ಲ ಬನಪ್ಪಾ."

ಗೊತ್ತಾಗದಿರುವುದು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಚ್ಚಲಿನಿಂದ ನನ್ನನ್ನು ತಂದ. ನೀರು ಕಾಯಿಸಿ ಸುರಿದ, ತಣ್ಣೀರು ಬೆರೆಸಿದ, ತೋಳನ್ನು ಹಲ್ಲಿನಿಂದ ಎಳೆದ, ಮೊಣಕೈ ಅದ್ದಿದ. ಸಮಾಧಾನವಾಗಲಿಲ್ಲ. ಇನ್ನೊಂದು ಚೊಂಬು ತಣ್ಣೀರು ಹಾಕಿ ಮತ್ತೆ ಅದ್ದಿದ.

"ಬ್ಯಾಡ ಬನಪ್ಪಾ, ನೀ ನನ್ನ ಕಾಲು ಮುಟ್ಟಬ್ಯಾಡ. ಅದೂ ನೀನು..."

"ನಾ ಬ್ಯಾಡ ಅಂದಾಗ ನೀ ಬಿಟ್ಟಿ ಏನು?" ಎಂದ ಅವನು. "ನೀರು ಸರಿ ಐತಿ. ಇಡು ಯಕ್ಕಾ."

ಯಕ್ಕಾ ಎಂದಿದ್ದ. ರಾಹೇಲಮ್ಮ ಕಾಲುಗಳನ್ನು ನನ್ನೊಳಗೆ ಇಟ್ಟಳು. ಮುದುಡಿದ ಬೆರಳುಗಳು ಆಕೆಯ ಹಿಮ್ಮಡಿಯನ್ನು ಹುಷಾರಾಗಿ ತೊಳೆದವು. ದೂರದಲ್ಲಿ ಗುಡಿಯ ಗಂಟೆ ಬಾರಿಸಿತು. ಅಲ್ಲಿ ಹಿತ್ತಾಳೆಯ ಬೇಸಿನ್ನು ತನ್ನ ವರ್ಷದ ಕೆಲಸಕ್ಕೆ ಸಿದ್ಧವಾಗಿರಬೇಕು. ಆಕೆ ಅಳುತ್ತಿದ್ದಳು. ಇದ್ದಕ್ಕಿದ್ದಂತೆ ಆಕೆಯ ಸಣ್ಣ ದನಿಗೆ ಹಳೆಯ ತುಂಟತನ ಬಂತು.

"ಬನಪ್ಪಾ, ನನ್ನ ಸೀರಿ ಎಲ್ಲಿ?"

ಅವನು ತಲೆ ಎತ್ತಿದ. "ನನ್ನ ಕಾಲು ಎಲ್ಲಿ ಯಕ್ಕಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನಗತೊಡಗಿದರು. ನನ್ನೊಳಗಿನ ನೀರು ತುಳುಕಿ ನೆಲಕ್ಕೆ ಚೆಲ್ಲುವಷ್ಟು ನಕ್ಕರು.

ಅಂದಿನಿಂದ ಅವನು ದಿನ ಬಿಟ್ಟು ದಿನ ಬಂದು ತೊಳೆದ, ಎಣ್ಣೆ ಹಚ್ಚಿದ, ಬರಿಗಾಲಿನಲ್ಲಿ ಓಡಾಡಿದರೆ ಬೈದ. ಬೊಬ್ಬೆಗಳು ಮಾಯವಾದವು. ಮೂರು ವರ್ಷದ ಮೇಲೆ ಎದೆನೋವಿನಿಂದ ರಾಹೇಲಮ್ಮ ತೀರಿಕೊಂಡಳು. ಹೂಳುವ ಮುಂಚೆ ಸಭೆಯ ಹೆಂಗಸರು ಆಕೆಯನ್ನು ತೊಳೆದದ್ದು ನನ್ನ ನೀರಿನಿಂದಲೇ. ಒಬ್ಬಾಕೆ, "ನೋಡವಾ, ಸಕ್ಕರಿ ಕಾಯಿಲಿ ಇದ್ರೂ ಕಾಲು ಎಷ್ಟು ಚಂದ ಅದಾವು!" ಎಂದಳು. ಎರಡೂ ಕಾಲಿನೊಂದಿಗೆ ಆಕೆ ಮಣ್ಣಿಗೆ ಹೋದಳು. ಆಕೆ ಉಳಿಸಲಾಗದ ಕಾಲಿನವನು ಆಕೆಯ ಕಾಲನ್ನು ಉಳಿಸಿದ್ದ. ಇದು ಯಾವ ಪುಸ್ತಕದಲ್ಲೂ ಇಲ್ಲ, ಅದಕ್ಕೇ ನಾನು ಹೇಳಿದ್ದು.

ನನ್ನನ್ನು ಬನಪ್ಪ ಕಾಲೊನಿಗೆ ಒಯ್ದ. ಆ ಕೊನೆಯ ನೀರಿಗೆ ಬೆಸುಗೆ ಮತ್ತೆ ಬಿಟ್ಟಿತ್ತು, ಇನ್ನು ನೀರು ಹಿಡಿಯುವ ಯೋಗ್ಯತೆ ನನಗಿರಲಿಲ್ಲ. ಗುರುವಾರದ ಕೆಲಸಕ್ಕೆ ಈಗ ಒಂದು ಪ್ಲಾಸ್ಟಿಕ್ ಟಬ್ಬು ಬಂದಿದೆ, ಗಿಣಿಹಸಿರಿನದು. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಬನಪ್ಪನಿಗೆ ಕಣ್ಣು ಮಂಜಾಗಿದೆ. ಆದರೂ ಯಾರೇ ಕಾಲಿಡುವ ಮುಂಚೆ ಅವನ ಮೊಣಕೈ ನೀರಿಗೆ ಇಳಿಯುತ್ತದೆ.

ನಾನು ಆ ನುಗ್ಗೆ ಮರದ ಬುಡದಲ್ಲಿದ್ದೇನೆ. ನನ್ನೊಳಗೆ ಹುಲ್ಲು ಹಾಸಿದ್ದಾರೆ, ಬನಪ್ಪನ ಕೋಳಿ ಒಂಬತ್ತು ಮೊಟ್ಟೆಗಳ ಮೇಲೆ ಕಾವು ಕೂತಿದೆ. ಯಾರಾದರೂ ಹತ್ತಿರ ಬಂದರೆ ಕುಕ್ಕಲು ಬರುತ್ತದೆ. ನನಗೆ ಈಗಲೂ ಮಾತು ಬರುವುದಿಲ್ಲ, ಆದರೆ ಹುಟ್ಟಿನಿಂದ ಬಂದ ವಿದ್ಯೆ ಹೋಗಿಲ್ಲ. ಬಿಸಿ ಎಷ್ಟಿದೆ ಎಂದು ನನಗೆ ತಿಳಿಯುತ್ತದೆ. ಸರಿಯಾಗಿದೆ.